ಕೊಡಗಿನ ರಾಜಧಾನಿಯಲ್ಲಿ ಕಥೋಲಿಕ ಪರಂಪರೆ: ವಿದ್ಯಾರ್ಥಿ ಪ್ರವಾಸಗಳ ಒಂದು ವಿಮರ್ಶೆ

ಗುರುಮಠಗಳೂ ಕಥೋಲಿಕ ಕಾಲೇಜುಗಳೂ ಧರ್ಮಕೇಂದ್ರಗಳ ಯುವಬಳಗಗಳೂ ತಮ್ಮ ವಿದ್ಯಾರ್ಥಿಗಳನ್ನು 'ಪರಂಪರೆ ಮತ್ತು ಇತಿಹಾಸ ಪ್ರವಾಸ'ವೆಂಬ ಹೆಸರಿನಲ್ಲಿ ಕೊಡಗಿಗೆ ಕರೆದೊಯ್ಯುವುದು ಹೊಸದೇನಲ್ಲ. ಎರಡು ದಿನದ ಪ್ರಯಾಣ, ಮಡಿಕೇರಿಯಲ್ಲಿ ವಸತಿ, ಒಂದು ಬಲಿಪೂಜೆ, ಹಿಂದಿರುಗಿದ ಮೇಲೆ ಒಂದು ವರದಿ. ಇದನ್ನು ವಿಮರ್ಶೆಗೆ ಅರ್ಹವಾದ ಸಂಗತಿಯೆಂದು ಯಾರೂ ಎಣಿಸುವುದಿಲ್ಲ. ಪಠ್ಯಪುಸ್ತಕವನ್ನು ಪರಿಶೀಲಿಸುತ್ತೇವೆ, ಪ್ರಬೋಧನೆಯನ್ನು ತೂಗಿ ನೋಡುತ್ತೇವೆ. ಪ್ರವಾಸವನ್ನು ಮಾತ್ರ ಮನೋರಂಜನೆಯ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತೇವೆ. ಆದರೆ ಇಪ್ಪತ್ತರ ಹರೆಯದ ವಿದ್ಯಾರ್ಥಿ ತರಗತಿಯಲ್ಲಿ ಬರೆದುಕೊಂಡ ಟಿಪ್ಪಣಿಯನ್ನು ಮರೆತಾನು, ಕಣ್ಣಾರೆ ಕಂಡದ್ದನ್ನು ಮರೆಯಲಾರ. ಬಸ್ಸು ಎಲ್ಲಿ ನಿಂತಿತು, ಎಲ್ಲಿ ನಿಲ್ಲದೆ ಮುಂದೆ ಸಾಗಿತು ಎಂಬುದರಿಂದಲೇ ಅವನು 'ನಮ್ಮ ಪರಂಪರೆ' ಎಂದರೆ ಏನೆಂದು ತೀರ್ಮಾನಿಸಿಕೊಳ್ಳುತ್ತಾನೆ. ಆದ್ದರಿಂದ ಈ ಪ್ರವಾಸವನ್ನು ಒಂದು ಪಠ್ಯದಂತೆ ಓದಿ, ಅದು ಧರ್ಮಸಭೆಯ ಯಾವ ಕಥೆಯನ್ನು ಹೇಳುತ್ತಿದೆಯೆಂದು ನೋಡುವುದು ಇಲ್ಲಿ ನಮ್ಮ ಉದ್ದೇಶ.

ಮಡಿಕೇರಿಯಿಂದಲೇ ಆರಂಭಿಸೋಣ. ಹಾಲೇರಿ ವಂಶದ ಮುದ್ದುರಾಜನು 1681ರಲ್ಲಿ ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡ ಊರು ಇದು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸುವವರೆಗೆ ಕೊಡಗಿನ ಅರಸೊತ್ತಿಗೆಯ ನೆಲೆ ಇಲ್ಲಿಯೇ ಇತ್ತು. ಕಥೋಲಿಕ ತಂಡವೊಂದು ಇಲ್ಲಿಗೆ ಬಂದರೆ ಸಾಮಾನ್ಯವಾಗಿ ಮೊದಲು ಕೋಟೆಯನ್ನು ನೋಡುತ್ತದೆ. ಅರಮನೆ, ಗಾರೆಯ ಎರಡು ಆನೆಗಳು, ಅವುಗಳ ಸನಿಹದಲ್ಲೇ ಗಾಥಿಕ್ ಶೈಲಿಯ, ಬಣ್ಣದ ಗಾಜಿನ ಕಿಟಕಿಗಳ ಒಂದು ಚರ್ಚು. ವಿದ್ಯಾರ್ಥಿಗಳ ಮುಖ ಅರಳುವುದು ಇಲ್ಲಿಯೇ. ಅರಸನ ಕೋಟೆಯ ನಡುವೆ ನಮ್ಮದೊಂದು ಗುರುತು ಸಿಕ್ಕಿತಲ್ಲ ಎಂಬ ಸಂತೋಷ ಅದು. ಆದರೆ ಅದು ನಮ್ಮದಲ್ಲ. ಅದು ಸಂತ ಮಾರ್ಕರ ಹೆಸರಿನ ಆಂಗ್ಲಿಕನ್ ಚರ್ಚು. ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಕೋಟೆಯೊಳಗಿದ್ದ ವೀರಭದ್ರ ದೇವಾಲಯವನ್ನು 1855ರಲ್ಲಿ ತೆಗೆಸಿ, ಆ ಜಾಗದಲ್ಲಿ ಆಳುವವರು ತಮ್ಮ ಸೈನಿಕರಿಗೂ ಅಧಿಕಾರಿಗಳಿಗೂ ಕಟ್ಟಿಸಿಕೊಂಡ ಆರಾಧನಾಲಯವಿದು. ಕಥೋಲಿಕರಿಗೆ ಮಡಿಕೇರಿಯಲ್ಲಿ ಸಂತ ಮೈಕಲರ ದೇವಾಲಯವಿದೆ. ಅದು ಕೋಟೆಯೊಳಗಿಲ್ಲ, ಭಾವಚಿತ್ರಕ್ಕೆ ಅಷ್ಟು ಒಪ್ಪುವುದೂ ಇಲ್ಲ. ಫಲವಾಗಿ ತಂಡ ಪೂಜೆಗೆ ಒಂದು ಕಡೆ ಹೋಗುತ್ತದೆ, ಪರಂಪರೆಗೆ ಇನ್ನೊಂದು ಕಡೆ.

ಈ ಗೊಂದಲವನ್ನು ಪಂಗಡಗಳ ಭೇದ ತಿಳಿಯದ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ನಮಗೆ ಅದು ಹೆಚ್ಚು ಗಂಭೀರವಾಗಿ ತೋರುತ್ತದೆ. ಗೋಪುರವಿದ್ದರೆ, ಕಮಾನಿದ್ದರೆ, ಶಿಲುಬೆಯಿದ್ದರೆ ಅದು ಪರಂಪರೆ. ಇಲ್ಲದಿದ್ದರೆ ಅದು ದಾರಿಬದಿಯ ದೃಶ್ಯ ಎಂಬ ಅಳತೆಗೋಲು ಈ ಪ್ರವಾಸಗಳನ್ನು ಆಳುತ್ತಿದೆ. ಅದರ ನಗೆಪಾಟಲಿನ ರೂಪವನ್ನು ಊರಾಚೆಯ ಜಲಪಾತದಲ್ಲಿ ಕಾಣಬಹುದು. ಕೊಡವ ಭಾಷೆಯಲ್ಲಿ 'ಅಬ್ಬಿ' ಎಂದರೆ ಜಲಪಾತವೆಂದೇ ಅರ್ಥ. ಇಂಗ್ಲಿಷಿನ ಫಲಕಗಳು ಅದನ್ನು 'ಅಬ್ಬೆ' ಎಂದು ಬರೆದು ಸನ್ಯಾಸಿಗಳ ಮಠವನ್ನಾಗಿಸಿವೆ. ಕಾಫಿ, ಏಲಕ್ಕಿಗಳ ನಡುವೆ ಇಲ್ಲದ ಮಠವನ್ನು ಹುಡುಕುವ ಉತ್ಸಾಹಿಗಳು ಪ್ರತಿ ತಂಡದಲ್ಲೂ ಒಬ್ಬಿಬ್ಬರು ಇರುತ್ತಾರೆಂದರೆ ಅಚ್ಚರಿಪಡಬೇಕಿಲ್ಲ.

ಅಳತೆಗೋಲನ್ನು ಬದಲಿಸಿದರೆ ಅದೇ ದಾರಿ ಬೇರೆಯಾಗಿ ಕಾಣುತ್ತದೆ. ಬೆಂಗಳೂರಿನಿಂದ ಹೊರಟ ಬಸ್ಸು ಶ್ರೀರಂಗಪಟ್ಟಣವನ್ನು ಹಾದು, ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ, ಕುಶಾಲನಗರಗಳ ಮೂಲಕ ಮಡಿಕೇರಿಯನ್ನು ಸೇರುತ್ತದೆ. ಈ ಊರುಗಳಲ್ಲಿ ಮೂರಕ್ಕೆ ನಮ್ಮ ಕಥೆಯೊಡನೆ ನೇರ ಸಂಬಂಧವಿದೆ.

ಶ್ರೀರಂಗಪಟ್ಟಣದ ಸಂಬಂಧ ಎಲ್ಲರಿಗೂ ಗೊತ್ತಿರುವಂಥದು. ಅಲ್ಲಿ ಹದಿನೇಳನೆಯ ಶತಮಾನದಲ್ಲೇ ಯೇಸುಸಭೆಯ ಲೆಯೊನಾರ್ದೊ ಚಿನ್ನಾಮಿ ಮೈಸೂರು ಮಿಷನ್ನಿಗೆ ಅಡಿಗಲ್ಲು ಹಾಕಿದರು. 1784ರಲ್ಲಿ, ಎರಡನೆಯ ಮೈಸೂರು ಯುದ್ಧದ ಕೊನೆಯಲ್ಲಿ, ಟಿಪ್ಪು ಸುಲ್ತಾನನು ಕರಾವಳಿಯ ಕೊಂಕಣಿ ಕಥೋಲಿಕರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ, ಈ ಊರಿಗೆ ನಡೆಸಿಕೊಂಡು ಬಂದನು. ಅವರು ಇಂಗ್ಲಿಷರಿಗೆ ನೆರವಾದರೆಂಬುದು ಅವನ ಆರೋಪ. ಸೆರೆಸಿಕ್ಕವರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ಬೇರೆಬೇರೆಯಾಗಿ ಹೇಳಲಾಗಿದೆ. ದಾರಿಯಲ್ಲೇ ಸತ್ತವರು ಅನೇಕರು, ಬಲವಂತದ ಮತಾಂತರಕ್ಕೆ ಒಳಗಾದವರು ಅನೇಕರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬಂದ ಫ್ರೆಂಚ್ ಮಿಷನರಿ ಅಬ್ಬೆ ದ್ಯುಬುವಾ, ಚದುರಿಹೋದವರನ್ನು ಮತ್ತೆ ಕಲೆಹಾಕಿದರು. ಪ್ರವಾಸದ ಮಾರ್ಗದರ್ಶಕರು ಈ ಕಥೆಯನ್ನು ಬಸ್ಸಿನಲ್ಲಿ ಹೇಳಿಯೇ ಹೇಳುತ್ತಾರೆ. ಕೆಲವರು ಚೆನ್ನಾಗಿಯೇ ಹೇಳುತ್ತಾರೆ.

ತೊಡಕು ಕಥೆ ನಿಲ್ಲುವ ಜಾಗದಲ್ಲಿದೆ. ಸೆರೆಯಿಂದ 1799ರ ಬಿಡುಗಡೆಗೆ ಒಂದೇ ಜಿಗಿತ. ನಡುವಿನ ವರ್ಷಗಳಲ್ಲಿ ತಪ್ಪಿಸಿಕೊಂಡವರು ಎಲ್ಲಿಗೆ ಹೋದರು, ಅವರಿಗೆ ಬಾಗಿಲು ತೆರೆದವರು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಉತ್ತರ ಮುಂದಿನ ನಿಲ್ದಾಣದಲ್ಲಿದೆ, ಆದರೆ ಅಲ್ಲಿ ಬಸ್ಸು ನಿಲ್ಲುವುದಿಲ್ಲ.

ಪಿರಿಯಾಪಟ್ಟಣದಲ್ಲಿ ಸೆರೆಯಾಗಿದ್ದವನು ಹಾಲೇರಿ ವಂಶದ ರಾಜಕುಮಾರ ದೊಡ್ಡವೀರರಾಜೇಂದ್ರ. ಅವನ ತಂದೆ ಲಿಂಗರಾಜ 1780ರಲ್ಲಿ ತೀರಿಕೊಂಡಾಗ ಹೈದರಾಲಿಯು ಕೊಡಗನ್ನು ತನ್ನ ವಶಕ್ಕೆ ತೆಗೆದುಕೊಂಡು ರಾಜಕುಮಾರರನ್ನು ಸೀಮೆಯಿಂದಾಚೆ ಇರಿಸಿದ. ಮುಂದೆ ಟಿಪ್ಪು ಅವರನ್ನು ಪಿರಿಯಾಪಟ್ಟಣಕ್ಕೆ ಸಾಗಿಸಿದ. 1785ರಲ್ಲಿ ಕೊಡವರೂ ದೊಡ್ಡ ಸಂಖ್ಯೆಯಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣದ ದಾರಿ ಹಿಡಿದರು. 1788ರಲ್ಲಿ ವೀರರಾಜೇಂದ್ರನು ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಕೊಡಗನ್ನು ಮರಳಿ ಗೆದ್ದ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನಾನಿ ಆಬರ್‌ಕ್ರಾಂಬಿಯನ್ನು ತಾನು ಭೇಟಿಯಾದುದರ ನೆನಪಿಗಾಗಿ 1792ರಲ್ಲಿ ಮಡಿಕೇರಿಯ ದಕ್ಷಿಣಕ್ಕೆ ಒಂದು ಪೇಟೆಯನ್ನು ಕಟ್ಟಿಸಿದ. ಅದೇ ವೀರರಾಜೇಂದ್ರಪೇಟೆ, ಇಂದಿನ ವಿರಾಜಪೇಟೆ. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕಥೋಲಿಕರಿಗೆ ಆ ಪೇಟೆಯಲ್ಲಿ ನೆಲೆಯನ್ನೂ ದೇವಾಲಯ ಕಟ್ಟಿಕೊಳ್ಳಲು ನೆರವನ್ನೂ ಕೊಟ್ಟವನು ಈ ಅರಸ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಮೂಲ ಇದು.

ಸೆರೆಯಿಂದ ತಪ್ಪಿಸಿಕೊಂಡು ಬಂದ ಒಬ್ಬ ಲಿಂಗಾಯತ ಅರಸ, ಅದೇ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ನೆಲ ಕೊಟ್ಟ. ನೀವೂ ಪರದೇಶಿಗಳಾಗಿದ್ದಿರಿ, ಆದುದರಿಂದ ಪರದೇಶಿಯನ್ನು ಪ್ರೀತಿಸಿರಿ ಎಂಬರ್ಥದ ಆಜ್ಞೆಯನ್ನು ಧರ್ಮೋಪದೇಶಕಾಂಡವು ಇಸ್ರಯೇಲರಿಗೆ ಕೊಡುತ್ತದೆ. ಇಲ್ಲಿ ಆ ಆಜ್ಞೆಯನ್ನು ಪಾಲಿಸಿದವನು ಅದನ್ನು ಓದಿರದವನು, ಪಾಲನೆಯ ಫಲವನ್ನು ಉಂಡವರು ಅದನ್ನು ಓದಿದವರು. ಧರ್ಮಸಭೆಯ ಇತಿಹಾಸವನ್ನು ಬೋಧಿಸುವ ಯಾರಿಗೇ ಆದರೂ ಇದಕ್ಕಿಂತ ದೊಡ್ಡ ಪಾಠ ಕೊಡಗಿನಲ್ಲಿ ಸಿಗದು. ಅದಕ್ಕಾಗಿ ಪಿರಿಯಾಪಟ್ಟಣದಲ್ಲಿ ಹತ್ತು ನಿಮಿಷ ಬಸ್ಸು ನಿಲ್ಲಿಸಿದರೆ ಸಾಕು. ನೋಡಲು ಕಟ್ಟಡವಿಲ್ಲವೆಂಬ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ. ಎಮ್ಮಾವುಸಿನ ದಾರಿಯಲ್ಲೂ ಕಟ್ಟಡವಿರಲಿಲ್ಲ.

ಬೈಲುಕುಪ್ಪೆಯಲ್ಲಿ ಮಾತ್ರ ಎಲ್ಲ ಬಸ್ಸುಗಳೂ ನಿಲ್ಲುತ್ತವೆ, ಸುವರ್ಣ ಬುದ್ಧನ ಮುಂದೆ ಭಾವಚಿತ್ರಕ್ಕಾಗಿ. 1960ರ ದಶಕದ ಆರಂಭದಲ್ಲಿ ನೆಲೆ ತಪ್ಪಿ ಬಂದ ಟಿಬೆಟಿಯನ್ನರಿಗೆ ಮೈಸೂರು ರಾಜ್ಯ ಭೂಮಿ ಕೊಟ್ಟಿತು; ಅಲ್ಲಿನ ವಿಹಾರಗಳು ಆ ಭೂಮಿಯ ಮೇಲೆ ಎದ್ದಿವೆ. 1792ರ ಕಥೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಇನ್ನೊಂದಿಲ್ಲ. ಆದರೆ ಕಥೋಲಿಕ ಪರಂಪರೆ ಪ್ರವಾಸದಲ್ಲಿ ಅದು 'ಇತರ ಆಕರ್ಷಣೆ'ಗಳ ಪಟ್ಟಿಗೆ ಸೇರಿಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ಉಪಕಾರ ಮಾಡಿದ ಅರಸನನ್ನು ಪರ್ಷಿಯದ ಕೋರೆಷನ ಸಾಲಿಗೆ ಸೇರಿಸುವ ಆಸೆ ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಕೂಡಲೇ ಹುಟ್ಟುತ್ತದೆ. ತನ್ನನ್ನು ಅರಿಯದ ಕೋರೆಷನನ್ನು ದೇವರು ತನ್ನ ಅಭಿಷಿಕ್ತನೆಂದು ಕರೆದ ಯೆಶಾಯನ ಪ್ರವಾದನೆಯ 45ನೆಯ ಅಧ್ಯಾಯ ಇಲ್ಲಿಗೆ ಹೊಂದುತ್ತದೆ ನಿಜ. ಆದರೆ ಹೋಲಿಕೆ ಪೂಜೆಯಾಗಬಾರದು. ಹೊಸ ಪೇಟೆಗೆ ಜನ ಬೇಕಿದ್ದರು. ಯುದ್ಧಗಳಿಂದ ಬರಿದಾದ ಸೀಮೆಗೆ ಕೃಷಿಕರೂ ವ್ಯಾಪಾರಿಗಳೂ ಬೇಕಿದ್ದರು. ಅರಸನ ಔದಾರ್ಯದಲ್ಲಿ ಲೆಕ್ಕಾಚಾರವೂ ಇತ್ತೆಂದು ಊಹಿಸಲು ಕಷ್ಟವಿಲ್ಲ. ಅದೇ ಅರಸ ತನ್ನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಸಂಶಯದ ಬೇನೆಗೆ ಸಿಕ್ಕಿ ತನ್ನವರನ್ನೇ ಕೊಲ್ಲಿಸಿದ. ಅವನು ಬರೆಸಿದ 'ರಾಜೇಂದ್ರನಾಮೆ' ಅವನನ್ನು ಅವನು ಬಯಸಿದಂತೆಯೇ ಚಿತ್ರಿಸುತ್ತದೆ. ನಾವು ಅದಕ್ಕೆ ಇನ್ನೊಂದು ಅಧ್ಯಾಯ ಸೇರಿಸಬೇಕಾಗಿಲ್ಲ. ಪಾವನನಲ್ಲದ ಕೈಯಿಂದಲೂ ಅನ್ನ ಸಿಗುತ್ತದೆ, ಆ ಅನ್ನಕ್ಕೂ ಕೃತಜ್ಞತೆ ಸಲ್ಲಬೇಕು ಎಂಬಷ್ಟನ್ನು ವಿದ್ಯಾರ್ಥಿ ತಿಳಿದರೆ ಸಾಕು.

ಈ ಅಧ್ಯಾಯವನ್ನು ಬಿಟ್ಟು ಸೆರೆಯ ಕಥೆಯನ್ನಷ್ಟೇ ಹೇಳಿದರೆ ಏನಾಗುತ್ತದೆಂಬುದು ಈಗ ಊಹೆಯ ವಿಷಯವಾಗಿ ಉಳಿದಿಲ್ಲ. 2015ರ ನವೆಂಬರ್ 10ರಂದು ಸರ್ಕಾರದ ಟಿಪ್ಪು ಜಯಂತಿಯ ಸಂದರ್ಭದಲ್ಲಿ ಮಡಿಕೇರಿಯ ಬೀದಿಗಳಲ್ಲಿ ಘರ್ಷಣೆಯಾಗಿ ಜೀವಹಾನಿಯಾಯಿತು. 2019ರಲ್ಲಿ ಅನಂತರದ ಸರ್ಕಾರವೊಂದು ಆ ಆಚರಣೆಯನ್ನೇ ಕೈಬಿಟ್ಟಿತು. ಈ ವಾಗ್ವಾದದಲ್ಲಿ ನಮ್ಮ ಪೂರ್ವಿಕರ ಸಂಕಟವನ್ನು ಎರಡೂ ಕಡೆಯವರು ಬಳಸಿಕೊಂಡರು: ಒಬ್ಬರು ಅದನ್ನು ಆಯುಧವಾಗಿ ಹಿಡಿದರು, ಇನ್ನೊಬ್ಬರು ಅದು ನಡೆದೇ ಇಲ್ಲವೆಂಬಂತೆ ಮಾತಾಡಿದರು. ಎರಡನೆಯದಕ್ಕೆ ನಾವು ತಲೆಬಾಗಲಾರೆವು. ಸೆರೆ ನಡೆದದ್ದು ನಿಜ. ಟಿಪ್ಪು ಶೃಂಗೇರಿ ಮಠಕ್ಕೆ ಗೌರವದಿಂದ ಕಾಗದ ಬರೆದು ಕಾಣಿಕೆ ಕಳಿಸಿದನೆಂಬ ಸತ್ಯ ಈ ಸತ್ಯವನ್ನು ಅಳಿಸುವುದಿಲ್ಲ, ಈ ಸತ್ಯ ಅದನ್ನೂ ಅಳಿಸುವುದಿಲ್ಲ. ಮೊದಲನೆಯದಕ್ಕಾದರೂ ಏನು ಹೇಳೋಣ? 1784ರ ಕಥೋಲಿಕರಿಗಾಗಿ ಇಂದು ಕಣ್ಣೀರು ಸುರಿಸುವ ದನಿಗಳಲ್ಲಿ ಎಷ್ಟು, 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ನಮ್ಮ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ಕೇಳಿಬಂದವು ಎಂದು ವಿದ್ಯಾರ್ಥಿಗಳು ಕೇಳಿಕೊಳ್ಳಲಿ.

ಜರ್ಮನಿಯ ದೈವಶಾಸ್ತ್ರಜ್ಞ ಯೋಹಾನ್ ಬ್ಯಾಪ್ಟಿಸ್ಟ್ ಮೆಟ್ಸ್ ಕ್ರಿಸ್ತನ ಯಾತನೆಯ ನೆನಪನ್ನು 'ಅಪಾಯಕಾರಿ ನೆನಪು' ಎಂದರು. ಆಳುವವರ ನೆಮ್ಮದಿಯನ್ನು ಕೆಡಿಸುವ ನೆನಪೆಂಬುದು ಅವರ ತಾತ್ಪರ್ಯ. ನಮ್ಮ ಪ್ರವಾಸಗಳಲ್ಲಿ ಸೆರೆಯ ನೆನಪು ಆ ಬಗೆಯ ಅಪಾಯವನ್ನು ಕಳೆದುಕೊಂಡು ಇನ್ನೊಂದು ಬಗೆಯ ಅಪಾಯವನ್ನು ಪಡೆದುಕೊಂಡಿದೆ. ಪಕ್ಕದ ಬೆಂಚಿನ ಮುಸ್ಲಿಂ ಸಹಪಾಠಿಯನ್ನು ಇನ್ನೂರು ವರ್ಷಗಳ ಹಿಂದಿನ ಸುಲ್ತಾನನ ಲೆಕ್ಕಕ್ಕೆ ಸೇರಿಸುವ ನೆನಪು ಕ್ರಿಸ್ತನದಲ್ಲ. ಎರಡನೆಯ ಜಾನ್ ಪೌಲರು 2000ದ ಜ್ಯೂಬಿಲಿ ವರ್ಷದಲ್ಲಿ ಧರ್ಮಸಭೆಯ ಪಾಪಗಳಿಗಾಗಿ ಕ್ಷಮೆ ಬೇಡಿ 'ನೆನಪಿನ ಶುದ್ಧೀಕರಣ'ಕ್ಕೆ ಕರೆ ಕೊಟ್ಟಾಗ ತಪ್ಪು ಮಾಡಿದವರ ನೆನಪೇ ಅವರ ಮುಂದಿತ್ತು. ನೋವುಂಡವರ ನೆನಪಿಗೂ ಆ ಶುದ್ಧೀಕರಣ ಬೇಕು ಎಂದು ನಮಗೆ ಅನ್ನಿಸುತ್ತದೆ. ಅದಕ್ಕೆ ನೋವನ್ನು ಮರೆಯಬೇಕಾಗಿಲ್ಲ; ಆಶ್ರಯವನ್ನೂ ಅದರ ಪಕ್ಕದಲ್ಲಿಟ್ಟು ನೆನೆಯಬೇಕು.

ಮಡಿಕೇರಿಗೆ ಬರುವ ತಂಡಗಳಲ್ಲಿ ಕೆಲವು ವಿರಾಜಪೇಟೆಗೂ ಹೋಗುತ್ತವೆ. ಸುಮಾರು 30 ಕಿಲೋಮೀಟರಿನ ದಾರಿ. ಸಂತ ಅನ್ನಮ್ಮನವರ ದೇವಾಲಯದ ಎತ್ತರದ ಗೋಪುರ ದೂರದಿಂದಲೇ ಕಾಣುತ್ತದೆ. ಈಗಿನ ಕಟ್ಟಡ ಅರಸನ ಕಾಲದ್ದಲ್ಲ, ಅನಂತರದ ಶತಮಾನದ್ದು. ಇಲ್ಲಿ ಹೇಳುವ ವಿವರಣೆ ಸಾಮಾನ್ಯವಾಗಿ ಕಟ್ಟಡದ ಶೈಲಿಗೇ ಮೀಸಲು. ಕಮಾನು ಯಾವ ಬಗೆಯದೆಂದು ವಿದ್ಯಾರ್ಥಿಗೆ ತಿಳಿಯುತ್ತದೆ. ನೆಲ ಯಾರದಿತ್ತೆಂದು ತಿಳಿಯುವುದಿಲ್ಲ.

ಈ ದಾರಿಯಲ್ಲೇ ಇನ್ನೊಂದು ಮೌನವಿದೆ, ಅದನ್ನು ಕುರಿತು ನಮ್ಮಲ್ಲಿ ಬರೆದವರು ಕಡಿಮೆ. ಮಡಿಕೇರಿಯಿಂದ ವಿರಾಜಪೇಟೆಯವರೆಗೆ ಎರಡೂ ಬದಿಗೆ ಕಾಫಿ ತೋಟಗಳು. 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ತೋಟ ಎದ್ದ ಮೇಲೆ ಘಟ್ಟದ ಕೆಳಗಿನಿಂದಲೂ ತಮಿಳು, ಮಲಯಾಳ ಸೀಮೆಗಳಿಂದಲೂ ಕೂಲಿಗಾಗಿ ಜನ ಬಂದರು. ಅವರ ಜೊತೆ ಬಂದ ಕಥೋಲಿಕರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಲೈನ್ ಮನೆಗಳಲ್ಲಿದ್ದಾರೆ, ನಮ್ಮ ಶಾಲೆಗಳಲ್ಲಿದ್ದಾರೆ, ನಮ್ಮ ಗುರುಮಠಗಳಲ್ಲಿಯೂ ಇದ್ದಾರೆ. ಬಸ್ಸಿನಲ್ಲಿ 'ನಮ್ಮ ಪೂರ್ವಿಕರು ಶ್ರೀರಂಗಪಟ್ಟಣದ ಸೆರೆಯಲ್ಲಿ' ಎಂದು ಮಾತು ಆರಂಭವಾದಾಗ ಈ ವಿದ್ಯಾರ್ಥಿ ಕಿಟಕಿಯಾಚೆ ನೋಡುತ್ತಾನೆ. ಅವನ ಪೂರ್ವಿಕರು ಆ ಸೆರೆಯಲ್ಲಿರಲಿಲ್ಲ. ಅವರು ಕಿಟಕಿಯಾಚೆ ಇದ್ದರು. ಅವರ ವಿಶ್ವಾಸ ಉಳಿದದ್ದು ಯಾವ ಅರಸನ ದತ್ತಿಯಿಂದಲೂ ಅಲ್ಲ, ವಾರದ ಕೂಲಿ ಮುಗಿಸಿ ಭಾನುವಾರ ಪೂಜೆಗೆ ನಡೆದು ಬಂದ ಕಾಲುಗಳಿಂದ. ಅವರಿಗೆ ಸ್ಮಾರಕವಿಲ್ಲ. ಕಥೋಲಿಕವೆಂದರೆ ಸಾರ್ವತ್ರಿಕವೆಂದು ಅರ್ಥ ಹೇಳುವ ನಾವು, ಪರಂಪರೆಯ ಮಾತು ಬಂದಾಗ ಒಂದು ಭಾಷೆಯ, ಒಂದು ಸಮುದಾಯದ ವಂಶಾವಳಿಯನ್ನೇ ಇಡೀ ಧರ್ಮಸಭೆಯ ವಂಶಾವಳಿಯೆಂದು ಓದಿಸುತ್ತಿದ್ದೇವೆ. ಒಂದು ಲೈನ್ ಮನೆಯ ಅಂಗಳದಲ್ಲಿ, ಅಲ್ಲಿಯವರ ಒಪ್ಪಿಗೆ ಪಡೆದು, ಅವರಲ್ಲೊಬ್ಬ ಹಿರಿಯರ ಬಾಯಿಂದ ಅರ್ಧ ಗಂಟೆ ಕೇಳಿಸಿಕೊಳ್ಳುವುದು ಕೋಟೆಯ ಒಂದು ಸುತ್ತಿಗಿಂತ ಫಲಕಾರಿ. ಆ ಹೊತ್ತಿನಲ್ಲಿ ಕ್ಯಾಮೆರಾಗಳು ಚೀಲದಲ್ಲಿರಲಿ.

ಸಂತ ಮಾರ್ಕರ ಚರ್ಚನ್ನು ಪ್ರವಾಸದಿಂದ ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಅದನ್ನೂ ತೋರಿಸಲಿ, ಆದರೆ ಅದು ಏನೆಂದು ಹೇಳಿ ತೋರಿಸಲಿ. ಕ್ರೈಸ್ತರೆನಿಸಿಕೊಂಡವರ ಕೈಗೆ ಅಧಿಕಾರ ಬಂದಾಗ ಇನ್ನೊಬ್ಬರ ದೇವಾಲಯದ ಜಾಗದಲ್ಲಿ ತಮ್ಮದನ್ನು ಕಟ್ಟಿದರು. ಕ್ರೈಸ್ತರು ನಿರಾಶ್ರಿತರಾಗಿದ್ದಾಗ ಇನ್ನೊಬ್ಬರು ಅವರಿಗೆ ಜಾಗ ಬಿಟ್ಟುಕೊಟ್ಟರು. ಎರಡೂ ಇದೇ ಕೊಡಗಿನಲ್ಲಿ, ಸುಮಾರು ಅರವತ್ತು ವರ್ಷಗಳ ಅಂತರದಲ್ಲಿ ನಡೆದವು. 1852ರಲ್ಲಿ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ, ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿಯಾಗಿ ನಿಂತು ದೀಕ್ಷಾಸ್ನಾನ ಪಡೆದ ಪ್ರಸಂಗವನ್ನು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ನಮಗೆ ಅದರಲ್ಲಿ ಸಾಮ್ರಾಜ್ಯದ ಮುದ್ರೆಯೇ ಹೆಚ್ಚಾಗಿ ಕಾಣುತ್ತದೆ. ರಾಜ್ಯ ಕಳೆದುಕೊಂಡವನ ಮಗಳಿಗೆ ರಾಜ್ಯ ಕಸಿದುಕೊಂಡವರು ಕೊಟ್ಟ ಹೆಸರು 'ವಿಕ್ಟೋರಿಯಾ'.

ಇನ್ನು ಗದ್ದಿಗೆ. ಮಡಿಕೇರಿಯಲ್ಲಿ ಕಥೋಲಿಕ ಪರಂಪರೆಯ ದೃಷ್ಟಿಯಿಂದ ಅತ್ಯಂತ ಮುಖ್ಯವಾದ ಸ್ಥಳ ಯಾವುದೆಂದು ಕೇಳಿದರೆ ನಮ್ಮ ಉತ್ತರ ಇದೇ. ಊರ ಅಂಚಿನ ದಿಬ್ಬದಲ್ಲಿ ದೊಡ್ಡವೀರರಾಜೇಂದ್ರನೂ ಅವನ ರಾಣಿ ಮಹದೇವಮ್ಮನೂ ಒಂದೇ ಗುಮ್ಮಟದ ಕೆಳಗೆ ಮಲಗಿದ್ದಾರೆ. ಪಕ್ಕದಲ್ಲಿ ಲಿಂಗರಾಜೇಂದ್ರನ ಗದ್ದಿಗೆ, ಸ್ವಲ್ಪ ದೂರದಲ್ಲಿ ಟಿಪ್ಪುವಿನೊಡನೆ ಹೋರಾಡಿ ಮಡಿದ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳು. ಮಲಗಿರುವವರು ವೀರಶೈವ ಅರಸರು. ಮೇಲಿನ ಗುಮ್ಮಟವೂ ಮೂಲೆಯ ಮಿನಾರುಗಳೂ ಇಸ್ಲಾಮಿ ಶೈಲಿಯವು. ಟಿಪ್ಪುವಿನ ಶತ್ರು ಟಿಪ್ಪುವಿನ ಜನರ ವಾಸ್ತುವಿನ ಕೆಳಗೆ ನಿದ್ರಿಸುತ್ತಿದ್ದಾನೆ. ಇಂದಿನ ಘೋಷಣೆಗಳು ಎಳೆಯುವ ಗೆರೆಗಳಿಗೆ ಈ ಕಟ್ಟಡ ಬಗ್ಗುವುದಿಲ್ಲ. ಬಾಯಿಮಾತಿನ ಹತ್ತು ಉಪನ್ಯಾಸಗಳು ಮಾಡಲಾಗದ ಕೆಲಸವನ್ನು ಅದರ ಮುಂದೆ ಕಾಲು ಗಂಟೆಯ ಮೌನ ಮಾಡಬಲ್ಲದು.

ಕಥೋಲಿಕ ತಂಡಗಳು ಇಲ್ಲಿಗೆ ಬರುವುದು ಅಪರೂಪ. ಬಂದರೂ ಪ್ರವಾಸಿಗಳಾಗಿ ಬರುತ್ತವೆ, ಋಣಿಗಳಾಗಿ ಬರುವುದಿಲ್ಲ. ಬಂದರೆ ಏನು ಮಾಡಬೇಕೆಂಬ ಪ್ರಶ್ನೆ ನಮ್ಮ ಮುಂದಿದೆ. ಗದ್ದಿಗೆಯಲ್ಲಿ ನಮ್ಮ ಪ್ರಾರ್ಥನಾವಿಧಿಯನ್ನು ನಡೆಸುವುದು ಅನುಚಿತ. ಅದು ಇನ್ನೊಬ್ಬರ ಶ್ರದ್ಧೆಯ ಜಾಗ, ಅಲ್ಲಿ ನಾವು ಮತ್ತೆ ಅತಿಥಿಗಳು. ಪಾದರಕ್ಷೆ ಕಳಚಿ ಸುಮ್ಮನೆ ನಿಲ್ಲುವುದಕ್ಕೆ ಯಾರ ಅಡ್ಡಿಯೂ ಇರಲಾರದು. ಆದರೆ ಮರುದಿನ ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ ಅರ್ಪಿಸುವ ಬಲಿಪೂಜೆಯಲ್ಲಿ ಈ ಅರಸನನ್ನು ನೆನೆಯಬಹುದೆ? ನೆನೆಯಬಹುದೆಂದೇ ನಮ್ಮ ಅಭಿಪ್ರಾಯ. ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಅಂಥ ಮೃತರನ್ನೂ ನಮ್ಮ ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆ ಸ್ಮರಿಸುತ್ತದೆ. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು 1965ರ 'ನೊಸ್ತ್ರ ಎತಾತೆ' ಸಾರಿದೆ. ಹಾಗಾದರೆ ನವೆಂಬರ್ 2ರ ಸಮಸ್ತ ಮೃತರ ಸ್ಮರಣೆಯಂದು, 1792ರ ಆ ನೆಲದ ಮೇಲೆ ನಿಂತ ದೇವಾಲಯದಲ್ಲಿ, ಭಕ್ತರ ಬಿನ್ನಹಗಳಲ್ಲಿ ದೊಡ್ಡವೀರರಾಜೇಂದ್ರನ ಹೆಸರನ್ನು ಓದಲು ಯಾವ ನಿಯಮ ಅಡ್ಡ ಬರುತ್ತದೆಂದು ನಮಗೆ ತೋರುತ್ತಿಲ್ಲ. ಆರಾಧನಾವಿಧಿಯನ್ನು ಬಲ್ಲವರು ಇದನ್ನು ಈ ಪತ್ರಿಕೆಯಲ್ಲೇ ಚರ್ಚಿಸಲಿ. ಮುಂದಿನ ಪ್ರವಾಸದ ದಿನಾಂಕವನ್ನು ಗೊತ್ತುಮಾಡುವವರು ಮೇ ತಿಂಗಳ ರಜೆಯ ಬದಲು ನವೆಂಬರಿನ ಮೊದಲ ವಾರವನ್ನು ಪರಿಗಣಿಸಬಹುದು. ಆ ಹೊತ್ತಿಗೆ ಮಳೆಯೂ ಹಿಂದೆ ಸರಿದಿರುತ್ತದೆ.